ಮಣಿಕಟ್ಟಿನ ಲೆಕ್ಕ, ಅಡಗಿಮನಿ ಲೆಕ್ಕ: ನಡುವಯಸ್ಸಿನಲ್ಲಿ ತೂಕ ಇಳಿಸುವ ಬಗ್ಗೆ

 

ನನಗೀಗ 47 ವರ್ಷ. ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು ಎನ್ನುತ್ತಾರೆ. ನಮ್ಮವ್ವ ಸಕ್ಕರೆ ಕಾಯಿಲೆಯಿಂದ ಕಣ್ಣು ಕಳಕೊಂಡಾಕಿ. ಹಿಂಗಾಗಿ ಆ ಅಂಕಿ ನೋಡಿ ಕೈಕಾಲು ತಣ್ಣಗಾದವು. ಡಾಕ್ಟರು ಮರಾಠಿಯಲ್ಲಿ “ವಜನ ಕಮೀ ಕರಾ” ಅಂದರು. ಹ್ಯಾಂಗ ಅನ್ನೋದು ಹೇಳಲಿಲ್ಲ. ಮಗ ಒಂದು ಫಿಟ್‌ನೆಸ್ ಬ್ಯಾಂಡ್ ತಂದು ಕೈಗೆ ಕಟ್ಟಿದ.

ಮೂರು ತಿಂಗಳು ದಿನಾ ಹತ್ತು ಸಾವಿರ ಹೆಜ್ಜೆ ಹಾಕಿದೆ. 68 ಕಿಲೋ ಇದ್ದಾಕಿ 69 ಆದೆ. ತಪ್ಪು ಎಲ್ಲಿತ್ತು ಅನ್ನೋದೇ ಇವತ್ತಿನ ವಿಷಯ.

ಮೊದಲು ಬ್ಯಾಂಡು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಅದರೊಳಗೆ ಚಲನೆ ಅಳೆಯುವ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದಕ್ಕೆ ಕಾಲು ಕಾಣೂದಿಲ್ಲ. ಕೈಯ ಲಯಬದ್ಧ ಅಲುಗಾಟವನ್ನೇ ಹೆಜ್ಜೆ ಅಂತ ಎಣಿಸುತ್ತದೆ. ಒಂದು ದಿನ ಹನ್ನೆರಡು ರೊಟ್ಟಿ ಬಡಿಯೂದರೊಳಗ ನನ್ನ ಬ್ಯಾಂಡು ನೂರಾರು ಹೆಜ್ಜೆ ತೋರಿಸ್ತು. ನಾನು ಒಲಿ ಮುಂದಿಂದ ಕದಲಿರಲಿಲ್ಲ. ಅದೇ ಸಂಜೆ ಎರಡೂ ಕೈಯಲ್ಲಿ ಸಂತಿ ಚೀಲ ಹಿಡಕೊಂಡು ನಡೆದು ಬಂದೆ. ಕೈ ಅಲುಗಾಡದೆ ಇದ್ದದ್ದಕ್ಕ ಬಹಳಷ್ಟು ಹೆಜ್ಜೆ ಎಣಿಕೆಗೇ ಬರಲಿಲ್ಲ.

ಹೃದಯ ಬಡಿತವನ್ನು ಹಸಿರು ಬೆಳಕು ಅಳೆಯುತ್ತದೆ. ಚರ್ಮದಡಿಯ ರಕ್ತ ಆ ಬೆಳಕನ್ನು ಹೀರಿಕೊಳ್ಳುವುದು ಬಡಿತಕ್ಕೊಮ್ಮೆ ಏರಿಳಿಯುತ್ತದೆ. ಈ ಅಳತೆ ಸಾಕಷ್ಟು ನಂಬುವಂಥದ್ದು. ಕ್ಯಾಲೊರಿಯ ಮಾತೇ ಬೇರೆ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಏಳು ಸಾಧನಗಳನ್ನು ಪರೀಕ್ಷಿಸಿದರು. ಆರು ಸಾಧನಗಳು ಹೃದಯ ಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು. ಆದರೆ ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಚಲೋ ಇದ್ದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ನಾನು ಎಡವಿದ್ದು ಇಲ್ಲೇ. ಬ್ಯಾಂಡು “400 ಕ್ಯಾಲೊರಿ ಕರಗಿದೆ” ಅಂದಾಗೆಲ್ಲ, ದುಡಿದೀನಿ ಅಂತ ಒಂದು ಮುಷ್ಟಿ ಹುರಿದ ಶೇಂಗಾ, ರೊಟ್ಟಿ ಮೇಲೆ ಇನ್ನೊಂದಿಷ್ಟು ಶೇಂಗಾ ಚಟ್ನಿ, ಎಣ್ಣಿ. ಮೂವತ್ತು ಗ್ರಾಂ ಶೇಂಗಾದಲ್ಲೇ ಸುಮಾರು 170 ಕ್ಯಾಲೊರಿ ಇರುತ್ತದೆ. ನನ್ನ ತೂಕದವರಿಗೆ ಅದು ಹೆಚ್ಚುಕಡಿಮೆ ಮುಕ್ಕಾಲು ತಾಸಿನ ನಡಿಗೆ. ಅಮೆರಿಕದಲ್ಲಿ ಎರಡು ವರ್ಷ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗವೂ ಇದಕ್ಕೆ ಹತ್ತಿರ. ಅದರಲ್ಲಿದ್ದವರು ಯುವಜನ. ಬ್ಯಾಂಡ್ ಕಟ್ಟಿಕೊಂಡವರು ಸರಾಸರಿ 3.5 ಕಿಲೋ ಇಳಿದರೆ, ಕಟ್ಟಿಕೊಳ್ಳದವರು 5.9 ಕಿಲೋ ಇಳಿದಿದ್ದರು.

ಹತ್ತು ಸಾವಿರ ಅನ್ನೋ ಸಂಖ್ಯೆಯೂ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರೇ “ಹತ್ತು ಸಾವಿರ ಹೆಜ್ಜೆಯ ಮೀಟರು” ಅಂತಿತ್ತು.

“ವಯಸ್ಸಾದ ಮ್ಯಾಲೆ ಮೈ ಕರಗೂದಿಲ್ಲ” ಅಂತೀವಲ್ರಿ, ಅದೂ ಅರ್ಧ ಸತ್ಯ. 6,400ಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿದ 2021ರ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ದೇಹ ಶಕ್ತಿ ಖರ್ಚು ಮಾಡುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ ಸ್ನಾಯು ಕ್ರಮೇಣ ಕಡಿಮೆಯಾಗುತ್ತದೆ, ಮುಟ್ಟು ನಿಲ್ಲುವ ಕಾಲಕ್ಕೆ ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆಯ ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ.

ನಮ್ಮ ಓಣಿಯ ತಾಲೀಮಿನೊಳಗ ಹೆಂಗಸರು ಕಾಲಿಡೂ ಪದ್ಧತಿ ಇರಲಿಲ್ಲ. ಈಗ ನಡುಮನಿಯೇ ನನ್ನ ತಾಲೀಮು. ಕುರ್ಚಿ ಮೇಲಿಂದ ಕೈ ಊರದೆ ಹತ್ತು ಸಲ ಎದ್ದು ಕೂಡ್ರುವುದು, ಗೋಡೆಗೆ ಕೈ ಊರಿ ದಂಡ ಹೊಡೆಯುವುದು, ಐದು ಕಿಲೋ ಜೋಳದ ಹಿಟ್ಟಿನ ಚೀಲ ಎತ್ತಿ ಇಳಿಸುವುದು. ಇವನ್ನು ಮೂರು ಸುತ್ತಿನಂತೆ ವಾರಕ್ಕೆ ಮೂರು ದಿನ ಮಾಡುತ್ತೇನೆ. ಈ ಕೆಲಸಕ್ಕೆ ಬ್ಯಾಂಡು ಬಹಳ ಕಡಿಮೆ ಅಂಕ ಕೊಡುತ್ತದೆ, ಕೊಡ್ಲಿ ಬಿಡ್ರಿ. ಶೇಂಗಾ ಬಿಟ್ಟಿಲ್ಲ, ಚಮಚದಲ್ಲಿ ಅಳೆದು ಹಾಕಿಕೊಳ್ಳುತ್ತೇನೆ. ಎಂಟು ತಿಂಗಳಲ್ಲಿ 63 ಕಿಲೋಗೆ ಬಂದೆ. ಸಕ್ಕರೆ 5.8. ಹೊಸ್ತಿಲು ಇನ್ನೂ ದಾಟಿಲ್ಲ, ಆದರೆ ಮುಖ ಹೊರಗಿನ ಕಡೆ ತಿರುಗಿದೆ.

ಸಂವಾದದಲ್ಲಿ ಅಕ್ಕಲಕೋಟೆಯ ವಿದ್ಯಾರ್ಥಿನಿಯೊಬ್ಬರು ಕೇಳಿದರು: “ಅಕ್ಕಾರ, ಹಂಗಾದ್ರ ನಮ್ಮವ್ವಗ ಬ್ಯಾಂಡ್ ಕೊಡಸೂದು ಬ್ಯಾಡೇನ್ರಿ?”

ಕೊಡಸ್ರಿ. ನಿನ್ನೆಗಿಂತ ಇವತ್ತು ಹೆಚ್ಚು ನಡೆದೆನೋ ಇಲ್ಲೋ ಅನ್ನೋದು ತಿಳಿಯಲು ಅದು ಸಾಕು. ಕ್ಯಾಲೊರಿ ತೋರಿಸೋ ಪುಟ ಮಾತ್ರ ನೋಡಬ್ಯಾಡ ಅನ್ರಿ. ಸಕ್ಕರೆ, ಬಿಪಿ ಗುಳಿಗೆ ತಗೋತಿದ್ದರೆ, ಮೊಣಕಾಲು ನೋವಿದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಲಿ. ಅದಕ್ಕೂ ಮೊದಲು, ಬಟ್ಟೆ ಹೊಲಿಯುವವರ ಹತ್ತಿರ ಇರ್ತದಲ್ಲ, ಅಂಥ ಒಂದು ಟೇಪು ತಗೊಂಡು ಸೊಂಟದ ಸುತ್ತಳತೆ ನೋಡ್ರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ತಿಂಗಳಿಗೊಮ್ಮೆ ಅದನ್ನು ಕ್ಯಾಲೆಂಡರಿನ ಮ್ಯಾಲೆ ಬರದಿಡ್ರಿ.