ಕಸ್ತೂರ್ಬಾ ರಸ್ತೆಯಿಂದ ಹೊರಟ ಬಸ್ಸು

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಎರಡು ಹಳೆಯ ಮ್ಯೂಸಿಯಂಗಳು ನೆರೆಹೊರೆಯಲ್ಲಿವೆ. ಒಂದು ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಹುಟ್ಟಿದ ಸಂಸ್ಥೆ ಅದು. ಹತ್ತನೆಯ ಶತಮಾನದ ಆತಕೂರು ಶಾಸನ ಅದರ ಸಂಗ್ರಹದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗರ ದೊರೆ ಬೂತುಗ ‘ಏನು ಬೇಕೋ ಕೇಳು’ ಅಂದನಂತೆ. ಆ ವೀರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು. ಯಾವ ಮಗುವಿಗೆ ಹೇಳಿದರೂ ಕಣ್ಣರಳಿಸಿ ಕೇಳುವ ಕತೆ. ಆದರೆ ಕಲ್ಲು ತಾನಾಗಿ ಹೇಳುವುದಿಲ್ಲ. ಹಳಗನ್ನಡ ಲಿಪಿ ಓದಬಲ್ಲವರು ಯಾರಾದರೂ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ಶಾಲಾ ಪ್ರವಾಸದ ಸಾಲು ಅದರ ಮುಂದೆ ಅರ್ಧ ನಿಮಿಷ ನಿಂತು ಸಾಗುತ್ತದೆ. ‘ಮುಟ್ಟಬೇಡಿ’ ಎಂಬ ಮಾತೊಂದೇ ಮಕ್ಕಳ ಕಿವಿಗೆ ಬೀಳುತ್ತದೆ.

ನೆರೆಯ ಮ್ಯೂಸಿಯಂನದು ತದ್ವಿರುದ್ಧ ಸ್ವಭಾವ. ಗದ್ದಲವೋ ಗದ್ದಲ. ಸನ್ನೆಕೋಲು ಎಳೆಯುವವರು, ಗಾಲಿ ತಿರುಗಿಸುವವರು, ಒಂದೇ ಗುಂಡಿಯನ್ನು ನಾಲ್ಕು ಸಲ ಒತ್ತುವವರು, ‘ಸಾರ್, ಇವನು ಬಿಡ್ತಾನೇ ಇಲ್ಲ’ ಎಂದು ದೂರು ಹೇಳುವವರು. ಇದು ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಊರವರ ಬಾಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ. ಬೆಂಗಳೂರಿಗೆ ಶಾಲಾ ಪ್ರವಾಸ ಬಂದವರಲ್ಲಿ ಇದನ್ನು ನೋಡದೆ ಹೋದವರು ಕಡಿಮೆ. ಬಾಗಿಲಲ್ಲಿ ಕತ್ತು ಅಲ್ಲಾಡಿಸುವ ಡೈನೊಸಾರು, ರೈಟ್ ಸಹೋದರರ ವಿಮಾನದ ನಿಜ ಅಳತೆಯ ಮಾದರಿ, ಅಂಗಳದಲ್ಲಿ ನಿಂತ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ: ಇವು ಎಲ್ಲರಿಗೂ ನೆನಪಿರುತ್ತವೆ. ಈ ಮ್ಯೂಸಿಯಂನ ಇನ್ನೊಂದು ಅರ್ಧ ಕಟ್ಟಡದೊಳಗೆ ಇಲ್ಲ. ಅದು ಬಸ್ಸು ಹತ್ತಿ ತಾಲ್ಲೂಕು ತಿರುಗುತ್ತಿರುತ್ತದೆ. ನನ್ನ ಮಟ್ಟಿಗೆ ಅದೇ ಹೆಚ್ಚು ದೊಡ್ಡ ಅರ್ಧ.

ಸರ್ ಎಂ. ವಿಶ್ವೇಶ್ವರಯ್ಯನವರ ನೂರು ವರ್ಷದ ಬಾಳಿನ ಗೌರವಕ್ಕೆಂದು ಎದ್ದ ಕಟ್ಟಡ ಇದು. ಅವರು ತೀರಿಕೊಂಡದ್ದು 1962ರ ಏಪ್ರಿಲ್ 14ರಂದು. ಸರಿಯಾಗಿ ಮೂರು ತಿಂಗಳಿಗೆ, ಜುಲೈ 14ರಂದು, ಜವಾಹರಲಾಲ್ ನೆಹರೂ ಕಟ್ಟಡವನ್ನು ಉದ್ಘಾಟಿಸಿದರು. ಒಳಗೆ ಮೊದಲ ವಿಭಾಗ ಜನರಿಗೆ ತೆರೆದುಕೊಳ್ಳಲು ಮತ್ತೂ ಮೂರು ವರ್ಷ ಹಿಡಿಯಿತು. 1965ರ ಜುಲೈನಲ್ಲಿ ತೆರೆದ ಆ ವಿಭಾಗದ ವಿಷಯ ವಿದ್ಯುಚ್ಛಕ್ತಿ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿದ ನಾಡಿದು. ಆದರೂ ಅರವತ್ತರ ದಶಕದಲ್ಲಿ ಎಷ್ಟೋ ಹಳ್ಳಿಗಳಲ್ಲಿ ಇನ್ನೂ ಲಾಟೀನೇ ಉರಿಯುತ್ತಿತ್ತು. ಮನೆಗೇ ಬಾರದ ಕರೆಂಟನ್ನು ಮ್ಯೂಸಿಯಂನಲ್ಲಿ ನೋಡಿ ಅರಿತ ಒಂದು ತಲೆಮಾರು ನಮ್ಮಲ್ಲಿದೆ.

ಬಸ್ಸಿನ ಕಲ್ಪನೆ ಹುಟ್ಟಿದ್ದು ಕಲ್ಕತ್ತದಲ್ಲಿ. ಅಲ್ಲಿನ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ 1959ರಲ್ಲಿ ಬಾಗಿಲು ತೆರೆದಿತ್ತು. ಜರ್ಮನಿಯ ಮ್ಯೂನಿಕ್‌ನಲ್ಲಿ ಓಡುವ ಯಂತ್ರಗಳನ್ನೇ ಜನರ ಮುಂದಿಟ್ಟಿದ್ದ ಡಾಯ್ಚಸ್ ಮ್ಯೂಸಿಯಂ ಅದಕ್ಕೆ ಮಾದರಿ. ನಗರದವರು ಬಂದರು, ನೋಡಿದರು. ಹಳ್ಳಿಯವರು ಬರಲಿಲ್ಲ. ಬಸ್ ಚಾರ್ಜು ಯಾರು ಕೊಡುತ್ತಾರೆ, ಕೂಲಿ ಬಿಟ್ಟು ಯಾರು ಬರುತ್ತಾರೆ? ಮ್ಯೂಸಿಯಂ ತಾನೇ ಹೊರಡಬೇಕೆಂದು 1965ರಲ್ಲಿ ಒಂದು ಬಸ್ಸಿಗೆ ಮಾದರಿಗಳನ್ನು ಏರಿಸಿ ಕಳಿಸಿದರು. ‘ಸಂಚಾರಿ ವಿಜ್ಞಾನ ಪ್ರದರ್ಶನ’ ಎಂಬ ಈ ಪದ್ಧತಿ ಬೆಂಗಳೂರಿಗೂ ಬಂತು. 1978ರಲ್ಲಿ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿ ರಚನೆಯಾಗಿ ಕಲ್ಕತ್ತ, ಬೆಂಗಳೂರಿನ ಮ್ಯೂಸಿಯಂಗಳು ಅದರಡಿ ಸೇರಿದ ಮೇಲೆ ದೇಶದ ಉದ್ದಗಲಕ್ಕೂ ಇಂಥ ಬಸ್ಸುಗಳು ಓಡತೊಡಗಿದವು.

ಬಸ್ಸು ನಮಗೆ ಹೊಸದಿರಬಹುದು, ವಿದ್ಯೆ ಊರೂರಿಗೆ ಹೋಗುವುದು ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಶುರು ಮಾಡಿದ್ದು 1918ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ವೇದಿಕೆಯ ಮಾತು ಮತ್ತು ಅಚ್ಚಿನ ಅಕ್ಷರ ಮಾಡಿದ ಕೆಲಸಕ್ಕೆ ಬಸ್ಸು ಒಂದನ್ನು ಸೇರಿಸಿತು: ಕೈಗೆ ಸಿಗುವ ವಸ್ತು.

ಆ ವಸ್ತುವನ್ನು ಮಾಡುವುದೇ ಒಂದು ಕಸುಬು, ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಈ ಮಾದರಿಗಳು ಅಂಗಡಿಯಿಂದ ಬಂದವಲ್ಲ. ಹೆಚ್ಚಿನವನ್ನು ಇಂಥ ಮ್ಯೂಸಿಯಂಗಳು ತಮ್ಮದೇ ವರ್ಕ್‌ಶಾಪಿನಲ್ಲಿ ಮಾಡಿಕೊಳ್ಳುತ್ತವೆ. ಬಡಗಿ, ಫಿಟ್ಟರ್, ಎಲೆಕ್ಟ್ರಿಷಿಯನ್, ಚಿತ್ರಕಾರ, ವಿಜ್ಞಾನ ಓದಿದವರು ಎಲ್ಲರೂ ಅಲ್ಲಿ ಕೂಡಿ ದುಡಿಯಬೇಕು. ಮಕ್ಕಳ ಕೈ ಎಂದರೆ ಸಾಮಾನ್ಯವಲ್ಲ. ಪ್ರಯೋಗಾಲಯದಲ್ಲಿ ಹತ್ತು ವರ್ಷ ಬಾಳುವ ಹಿಡಿಕೆ ಇಲ್ಲಿ ಹತ್ತು ದಿನ ಬಾಳದೆ ಹೋಗಬಹುದು. ಬಸ್ಸಿಗೆ ಹೋಗುವ ಮಾದರಿಯಾದರೆ ಹಳ್ಳಿಯ ರಸ್ತೆಯ ಗುಂಡಿಗಳನ್ನೂ ತಾಳಬೇಕು. ತೂಕ ಕಡಿಮೆ ಇರಬೇಕು, ಗಟ್ಟಿ ಇರಬೇಕು, ಕೆಟ್ಟರೆ ತಾಲ್ಲೂಕು ಊರಿನಲ್ಲಿ ಸಿಗುವ ಸಾಮಾನಿನಿಂದಲೇ ರಿಪೇರಿಯಾಗುವಂತಿದ್ದರೆ ಇನ್ನೂ ಒಳ್ಳೆಯದು.

ಒಂದು ಒಳ್ಳೆಯ ಮಾದರಿ ಹೇಗಿರುತ್ತದೆಂದು ನೋಡೋಣ. ವಿಜ್ಞಾನ ಕೇಂದ್ರಗಳಲ್ಲಿ ಕಾಣಸಿಗುವ ಜೋಡಿ ಶಂಕು ನನಗೆ ಬಹಳ ಇಷ್ಟ. ಎರಡು ಆಲಿಕೆಗಳನ್ನು ಬಾಯಿಗೆ ಬಾಯಿ ಸೇರಿಸಿದಂಥ ಒಂದು ಉರುಳೆ. ಅದು ಉರುಳಲು ಎರಡು ಕಂಬಿ. ಕಂಬಿಗಳು ಒಂದು ತುದಿಯಲ್ಲಿ ತಗ್ಗು, ಹತ್ತಿರ ಹತ್ತಿರ. ಇನ್ನೊಂದು ತುದಿಯಲ್ಲಿ ಎತ್ತರ, ದೂರ ದೂರ. ಉರುಳೆಯನ್ನು ತಗ್ಗಿನ ತುದಿಯಲ್ಲಿಟ್ಟು ಕೈಬಿಟ್ಟರೆ ಅದು ತಾನಾಗಿ ಎತ್ತರದ ಕಡೆ ಹೊರಡುತ್ತದೆ. ನೋಡಿದ ಹುಡುಗ ನಂಬುವುದಿಲ್ಲ, ಮತ್ತೆ ಇಡುತ್ತಾನೆ, ಮತ್ತೆ ಏರುತ್ತದೆ. ಬಗ್ಗಿ ಪಕ್ಕದಿಂದ ನೋಡಿದಾಗ ಗುಟ್ಟು ಗೊತ್ತಾಗುತ್ತದೆ. ಕಂಬಿಗಳು ಅಗಲವಾದಂತೆ ಉರುಳೆಯ ದಪ್ಪ ನಡು ಅವುಗಳ ನಡುವೆ ಕುಸಿಯುತ್ತ ಹೋಗುತ್ತದೆ. ಕಂಬಿ ಏರಿದರೂ ಉರುಳೆಯ ಗುರುತ್ವಕೇಂದ್ರ ಇಳಿಯುತ್ತಲೇ ಇದೆ. ಇದಕ್ಕೆ ಕರೆಂಟು ಬೇಡ, ಪರದೆ ಬೇಡ, ಕೆಡುವುದಕ್ಕೆ ಏನೂ ಇಲ್ಲ. ಹುಡುಗ ಬಗ್ಗಿ ನೋಡಿದನಲ್ಲ, ಅವನಿಗೆ ಬೇಕಾದದ್ದು ಸಿಕ್ಕಿತು.

ಗುಂಡಿ ಒತ್ತುವ ಮಾದರಿಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಮಗು ಗುಂಡಿ ಒತ್ತುತ್ತದೆ, ದೀಪ ಹತ್ತುವುದರೊಳಗೆ ಮುಂದಿನ ಗುಂಡಿಗೆ ಓಡುತ್ತದೆ. ಈಗ ಬಂದಿರುವ ಟಚ್‌ಸ್ಕ್ರೀನುಗಳದೂ ಇದೇ ಪಾಡು, ಮನೆಯ ಮೊಬೈಲಿನಲ್ಲಿ ಮಾಡಿದ್ದನ್ನೇ ಇಲ್ಲಿ ದೊಡ್ಡದಾಗಿ ಮಾಡುವುದು. ಕೈಗೆ ಕೆಲಸ ಕೊಟ್ಟ ಮಾತ್ರಕ್ಕೆ ತಲೆಗೆ ಕೆಲಸ ಸಿಕ್ಕಿತು ಎನ್ನಲಾಗದೆಂಬುದು ಈ ಕ್ಷೇತ್ರದವರಿಗೂ ಗೊತ್ತಿರುವ ವಿಚಾರ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1969ರಲ್ಲಿ ಎಕ್ಸ್‌ಪ್ಲೊರೇಟೋರಿಯಂ ಕಟ್ಟಿದ ಫ್ರಾಂಕ್ ಒಪನ್‌ಹೈಮರ್ ಇದಕ್ಕೆ ಒಂದು ಉಪಾಯ ಮಾಡಿದರು. ಅಣುಬಾಂಬಿನ ರಾಬರ್ಟ್ ಒಪನ್‌ಹೈಮರ್ ಅವರ ತಮ್ಮ ಇವರು. ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾನಿಲಯದ ಕೆಲಸ ಕಳೆದುಕೊಂಡು ಕೊಲರಾಡೊದಲ್ಲಿ ದನ ಸಾಕಿಕೊಂಡಿದ್ದವರು, ಆಮೇಲೆ ಅಲ್ಲಿಯೇ ಹೈಸ್ಕೂಲು ಮೇಷ್ಟ್ರಾದವರು. ಮ್ಯೂಸಿಯಂನಲ್ಲಿ ವಿವರಣೆ ಕೊಡುವ ಕೆಲಸಕ್ಕೆ ಅವರು ಹೈಸ್ಕೂಲು ಮಕ್ಕಳನ್ನೇ ಸಂಬಳ ಕೊಟ್ಟು ಇಟ್ಟುಕೊಂಡರು. ಇನ್ನೊಬ್ಬರಿಗೆ ಹೇಳಿಕೊಡಲು ಹೊರಟಾಗ ಹೇಳುವವನೇ ಮೊದಲು ಕಲಿಯುತ್ತಾನೆಂಬ ಲೆಕ್ಕ.

ನಮ್ಮ ಬಸ್ಸಿಗೂ ಇಂಥ ವಿವರಣೆಕಾರನೇ ಜೀವಾಳ. ಬಸ್ಸು ಒಂದು ಹೈಸ್ಕೂಲಿನ ಬಯಲಿಗೆ ಬಂದು ನಿಲ್ಲುತ್ತದೆ. ಒಂದು ಬಸ್ಸಿಗೆ ಒಂದು ವಿಷಯ, ಇಪ್ಪತ್ತರ ಆಸುಪಾಸು ಮಾದರಿಗಳು. ಸುತ್ತಲಿನ ಊರುಗಳ ಶಾಲೆಗಳಿಗೆ ಮೊದಲೇ ತಿಳಿಸಿರುತ್ತಾರೆ, ಮಕ್ಕಳು ಸಾಲುಸಾಲಾಗಿ ಬರುತ್ತಾರೆ. ಬಿಸಿಲಾದರೆ ಮರದ ನೆರಳು ಯಾವ ಕಡೆ ಬೀಳುತ್ತದೆಂದು ನೋಡಿ ಬಸ್ಸು ನಿಲ್ಲಿಸಿದ್ದರೇ ವಾಸಿ. ಮಾದರಿಗಳ ಮುಂದೆ ನಿಂತವನಿಗೆ ಆ ಸೀಮೆಯ ಕನ್ನಡ ಬಂದರೆ ಅರ್ಧ ಕೆಲಸ ಆದಂತೆ. ‘ಘರ್ಷಣೆ’ ಎಂದರೆ ಮಿಕಮಿಕ ನೋಡುವ ಮಕ್ಕಳಿಗೆ ಎತ್ತಿನಗಾಡಿಯ ಕೀಲೆಣ್ಣೆಯಿಂದ ಶುರು ಮಾಡಿದರೆ ಮಾತು ತಾನಾಗಿ ಮುಂದಕ್ಕೆ ಹೋಗುತ್ತದೆ.

ಸಂಜೆಯ ಹೊತ್ತಿಗೆ ಕಾರ್ಯಕ್ರಮ ಶಾಲೆಯಿಂದ ಊರಿಗೆ ದಾಟುತ್ತದೆ. ವಿಜ್ಞಾನದ ಸಿನಿಮಾ ಹಾಕುತ್ತಾರೆ, ದೂರದರ್ಶಕ ಇಟ್ಟು ಚಂದ್ರನ ಕುಳಿ, ಗುರುಗ್ರಹದ ಉಪಗ್ರಹಗಳನ್ನು ತೋರಿಸುತ್ತಾರೆ. ಹಗಲು ‘ಮಕ್ಕಳ ಆಟ’ ಅಂದುಕೊಂಡು ಹತ್ತಿರ ಸುಳಿಯದ ಹಿರಿಯರು ಆಗ ಬರುತ್ತಾರೆ. ಪವಾಡ ಬಯಲು ಮಾಡುವ ಪ್ರಾತ್ಯಕ್ಷಿಕೆ ಇದ್ದರಂತೂ ಜಾತ್ರೆಯೇ ಸರಿ. ನಾಲಗೆಯ ಮೇಲೆ ಕರ್ಪೂರ ಉರಿಯುವುದು, ನಿಂಬೆಹಣ್ಣಿನಿಂದ ರಕ್ತ ಬರುವುದು, ಹೀಗೆ ಊರಿನವರು ಎಂದೋ ಕಂಡು ಬೆರಗಾದದ್ದನ್ನೇ ಮಾಡಿ, ಬಳಿಕ ಹೇಗೆಂದು ಬಿಡಿಸಿ ತೋರಿಸುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಹದವಾದ ನೆಲ ಮೊದಲೇ ಇತ್ತು. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದ್ದು 1962ರಲ್ಲಿ, ಅಂದರೆ ಮ್ಯೂಸಿಯಂ ಕಟ್ಟಡ ಉದ್ಘಾಟನೆಯಾದ ವರ್ಷವೇ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಅವರು ಸಮಿತಿ ನೇಮಿಸಿದ್ದು ದೇಶದೆಲ್ಲೆಡೆ ಚರ್ಚೆಯಾಯಿತು. ಪ್ರಶ್ನೆ ಕೇಳಿದರೆ ದೇವರಿಗೆ ಕೋಪ ಬರುವುದಿಲ್ಲವೆಂಬ ಧೈರ್ಯ ಇಂಥವರಿಂದ ಊರಿನ ಮೇಷ್ಟ್ರುಗಳಿಗೂ ಬಂತು.

ಮ್ಯೂಸಿಯಂ ನಡೆಸುವ ವಿಜ್ಞಾನ ಮೇಳ, ವಿಚಾರಗೋಷ್ಠಿ, ವಿಜ್ಞಾನ ನಾಟಕ ಸ್ಪರ್ಧೆಗಳ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ಮಿಶ್ರ. ದಕ್ಷಿಣ ರಾಜ್ಯಗಳ ಮಕ್ಕಳೆಲ್ಲ ಸೇರುವ ದಕ್ಷಿಣ ಭಾರತ ವಿಜ್ಞಾನ ಮೇಳಕ್ಕೆ ಆಯ್ಕೆಯಾಗಬೇಕೆಂಬ ಆಸೆ ಒಳ್ಳೆಯದೇ. ಆದರೆ ನಮ್ಮ ಶಾಲೆಗಳ ವಸ್ತುಪ್ರದರ್ಶನಗಳಲ್ಲಿ ಥರ್ಮಾಕೋಲಿನ ಮಳೆನೀರು ಕೊಯ್ಲು, ಥರ್ಮಾಕೋಲಿನ ಜ್ವಾಲಾಮುಖಿ ಎಷ್ಟು ಬಂದುಹೋದವೋ ದೇವರೇ ಬಲ್ಲ. ಅವುಗಳಲ್ಲಿ ಎಷ್ಟನ್ನು ಅಪ್ಪಂದಿರು ರಾತ್ರಿ ಕೂತು ಅಂಟಿಸಿದರು ಎಂಬುದನ್ನು ತಾಯಂದಿರು ಬಲ್ಲರು. ನಾಟಕ ಇದಕ್ಕಿಂತ ವಾಸಿ ಅನ್ನಿಸುತ್ತದೆ. ಸಾಲುಮರದ ಕೆಳಗೆ ಬಯಲಾಟ ನೋಡಿ ಬೆಳೆದ ಮಕ್ಕಳಿಗೆ ವೇಷ ಕಟ್ಟುವುದು ಹೇಳಿಕೊಡಬೇಕಾಗಿಲ್ಲ. ಸಿಡುಬಿನ ಲಸಿಕೆಯನ್ನೋ ಗೆಲಿಲಿಯೋನ ವಿಚಾರಣೆಯನ್ನೋ ಕನ್ನಡದಲ್ಲಿ ಆಡಬೇಕಾದರೆ ಮೊದಲು ಅದನ್ನು ಅರ್ಥ ಮಾಡಿಕೊಳ್ಳದೆ ವಿಧಿಯಿಲ್ಲ.

ಬಸ್ಸಿನ ದೊಡ್ಡ ಕೊರತೆ ಅದು ಹೊರಟುಹೋಗುತ್ತದೆ ಎಂಬುದು. ಎರಡು ಮೂರು ದಿನ ನಿಂತು ಮುಂದಿನ ಊರಿಗೆ ಹೋದರೆ ಒಂದು ಶಾಲೆಯ ಪಾಲಿಗೆ ಅದು ಮತ್ತೆ ಬರುವುದು ಯಾವಾಗಲೋ. ಹೀಗಾಗಿ ಮ್ಯೂಸಿಯಂನ ಕೆಲಸಗಳಲ್ಲಿ ಹೊರಗೆ ಯಾವ ಸದ್ದೂ ಮಾಡದ ಶಿಕ್ಷಕರ ತರಬೇತಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಬಾಟಲಿ, ಬಲೂನು, ಸೈಕಲ್ ಕಡ್ಡಿ, ಊದುಗೊಳವೆಯಿಂದ ಪ್ರಯೋಗ ಮಾಡಿಸಲು ಕಲಿತ ಒಬ್ಬ ಮೇಷ್ಟ್ರು ಮೂವತ್ತು ವರ್ಷ ಅದೇ ಸುತ್ತಿನಲ್ಲಿ ಪಾಠ ಮಾಡುತ್ತಾರೆ. ವರ್ಗವಾದರೆ ವಿದ್ಯೆಯೂ ಅವರ ಜೊತೆಗೇ ವರ್ಗವಾಗುತ್ತದೆ, ಅಷ್ಟೇ ತಾನೆ.

ಈ ಕೊರತೆಗೆ ಇನ್ನೊಂದು ಉತ್ತರವನ್ನು ಎಪ್ಪತ್ತರ ದಶಕದಲ್ಲಿ ಯೋಜನಾ ಆಯೋಗದ ಕಾರ್ಯಪಡೆಯೇ ಹೇಳಿತ್ತು: ವಿಜ್ಞಾನ ಮ್ಯೂಸಿಯಂಗಳು ರಾಷ್ಟ್ರ, ಪ್ರದೇಶ, ಜಿಲ್ಲೆ ಈ ಮೂರು ಹಂತದಲ್ಲೂ ಇರಲಿ. ಅದರ ಫಲವಾಗಿ 1984ರಲ್ಲಿ ಕಲಬುರಗಿಗೆ ಜಿಲ್ಲಾ ವಿಜ್ಞಾನ ಕೇಂದ್ರ ಬಂತು. ದೇಶದಲ್ಲಿ ಇಂಥ ಕೇಂದ್ರಗಳು ಆಗಷ್ಟೇ ತಲೆಯೆತ್ತುತ್ತಿದ್ದ ಕಾಲ, ಅದೂ ಎಲ್ಲ ಸೌಕರ್ಯವೂ ಬೆಂಗಳೂರು, ಮೈಸೂರಿಗೇ ಎಂಬ ದೂರು ಮಾಮೂಲಾಗಿದ್ದ ಕಾಲ. ಬೀದರಿನ, ಯಾದಗಿರಿಯ ಹುಡುಗಿಗೆ ಕಸ್ತೂರ್ಬಾ ರಸ್ತೆ ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಕಲಬುರಗಿಯಾದರೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ಸಂಜೆಗೆ ಮನೆ ಸೇರಬಹುದು. ಬಹಳ ತಡವಾಗಿ ಧಾರವಾಡಕ್ಕೂ ಮಂಗಳೂರಿನ ಪಿಲಿಕುಳಕ್ಕೂ ಪ್ರಾದೇಶಿಕ ವಿಜ್ಞಾನ ಕೇಂದ್ರಗಳು ಬಂದವು. ಸರ್ಕಾರದ ಹೊರಗೂ ಈ ದಾರಿ ಹಿಡಿದವರಿದ್ದಾರೆ. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನ ಗಡಿಯಾಚೆಯ ಕುಪ್ಪಂನಲ್ಲಿ ನೆಲೆ ಮಾಡಿಕೊಂಡು ವ್ಯಾನು, ಮೋಟರ್‌ಬೈಕುಗಳ ಮೇಲೆ ಪ್ರಯೋಗಾಲಯ ಹೊತ್ತು ಹಳ್ಳಿಗಳಿಗೆ ಹೋಗುತ್ತದೆ. ದೊಡ್ಡ ಬಸ್ಸು ಹೋಗಲಾರದ ಓಣಿಗೆ ಬೈಕು ಹೋಗುತ್ತದೆ.

ಇನ್ನು, ಮ್ಯೂಸಿಯಂಗೇ ಹೋಗುವ ಮನಸ್ಸಿದ್ದವರಿಗೆ ಒಂದಿಷ್ಟು ಮಾತು. ಗಣೇಶ ಚೌತಿ ಮತ್ತು ದೀಪಾವಳಿ ಬಿಟ್ಟು ವರ್ಷವಿಡೀ ತೆರೆದಿರುತ್ತದೆ, ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆಯುತ್ತಾರೆ. ಡಿಸೆಂಬರ್, ಜನವರಿ ಶಾಲಾ ಪ್ರವಾಸದ ತಿಂಗಳು, ಕಾಲಿಡಲು ಜಾಗವಿರುವುದಿಲ್ಲ. ಡೈನೊಸಾರಿನ ಮುಂದೆ ಫೋಟೊ ತೆಗೆಸಿಕೊಂಡು ಸುಸ್ತಾಗುವ ಮೊದಲು ಮಕ್ಕಳನ್ನು ನೇರ ಎಂಜಿನ್ ಹಾಲಿಗೆ ಕರೆದೊಯ್ಯಿರಿ. ಎಲ್ಲ ವಿಭಾಗವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ತಾಲ್ಲೂಕಿನ ಮೇಷ್ಟ್ರುಗಳಾಗಿದ್ದರೆ ಹೊರಡುವಾಗ ಕಚೇರಿಗೆ ಹೋಗಿ ಸಂಚಾರಿ ಪ್ರದರ್ಶನದ ವಿಷಯ ವಿಚಾರಿಸಿ. ಬಸ್ಸು ನಿಲ್ಲಲು ಬಯಲು, ಕರೆಂಟಿನ ಏರ್ಪಾಟು, ಜೊತೆಗೆ ಬರುವ ಸಿಬ್ಬಂದಿ ಉಳಿದುಕೊಳ್ಳಲು ಒಂದು ಕೋಣೆ ಇವು ನಿಮ್ಮ ಶಾಲೆಯಲ್ಲಿ ಉಂಟೇ ಎಂದು ಮೊದಲೇ ನೋಡಿಕೊಂಡಿರಿ. ಸುತ್ತಲಿನ ಶಾಲೆಗಳ ಹೆಸರು, ಮಕ್ಕಳ ಸಂಖ್ಯೆ ಬರೆದಿಟ್ಟುಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ.