ಸಮಾಜ ಸೇವಕಿಯ ಬಳಲಿಕೆ

‘ಸಮಾಜ ಸೇವೆ’ ಎಂದೊಡನೆ ನಮ್ಮ ಕಣ್ಣ ಮುಂದೆ ಹಾರ, ತುರಾಯಿ, ಭಾಷಣಗಳು ಬಂದು ನಿಲ್ಲುವುದು ಸಹಜ. ನಾನು ಹೇಳಹೊರಟಿರುವುದು ವೇದಿಕೆಯನ್ನೇರದ ಸೇವಕಿಯರ ವಿಷಯ. ಕಳೆದ ಬೇಸಿಗೆ ರಜೆಯಲ್ಲಿ ಮಂಡ್ಯದಿಂದ ಮದ್ದೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಮಳವಳ್ಳಿ ತಾಲ್ಲೂಕಿನಲ್ಲಿರುವ ನನ್ನ ಸೋದರತ್ತೆಯ ಊರನ್ನು ಸೇರಿದೆನು. ಅತ್ತೆ ಹದಿನೈದು ವರ್ಷಗಳಿಂದ ಆಶಾ ಕಾರ್ಯಕರ್ತೆ. ಸದಾ ಮಾತಾಡುತ್ತಿದ್ದವರು ಈ ಸಲ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದರು. ಫೋನು ಮೊಳಗಿದರೆ ಬೆಚ್ಚುತ್ತಿದ್ದರು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನರಿಗೆ ಒಬ್ಬ ಆಶಾ ಎಂಬ ಲೆಕ್ಕದಲ್ಲಿ ಆಯಾ ಊರಿನ ಹೆಣ್ಣುಮಕ್ಕಳನ್ನೇ ಆರಿಸಿತು. ಊರಿನವಳೇ ಆಗಿರುವುದು ಅವಳ ಬಲ, ಬಾಧೆಯೂ ಅದೇ. 2023ರ ಕೊನೆಯಲ್ಲಿ ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದುದು ವಾಚಕರಿಗೆ ನೆನಪಿರಬಹುದು. ಗರ್ಭಿಣಿಯ ಹೆಸರು ಬರೆದು ಹೆರಿಗೆಯವರೆಗೂ ಲೆಕ್ಕವಿಡಬೇಕಾದವಳು ಆಶಾ. ನಡುವೆ ಮನೆಯವರು “ಗರ್ಭ ನಿಲ್ಲಲಿಲ್ಲ” ಎಂದುಬಿಟ್ಟರೆ ಅವಳೇನು ಮಾಡಬೇಕು? ಮೇಲಕ್ಕೆ ತಿಳಿಸಿದರೆ ನೆರೆಯವರ ಹಗೆ. ತಿಳಿಸದಿದ್ದರೆ ರಾತ್ರಿ ನಿದ್ದೆಯಿಲ್ಲ. ಮಾರನೆಯ ಬೆಳಗ್ಗೆ ಅದೇ ಬೀದಿಯಲ್ಲಿಯೇ ನೀರು ಹಿಡಿಯಬೇಕು. ಕಚೇರಿಯ ಗುಮಾಸ್ತನಿಗೆ ಸಂಜೆ ಬಾಗಿಲು ಮುಚ್ಚುವುದುಂಟು, ಇವಳಿಗೆ ಅದಿಲ್ಲ.

ಅಮೆರಿಕದ ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಇಂತಹ ಬಳಲಿಕೆಯಲ್ಲಿ ಮೂರು ಲಕ್ಷಣಗಳನ್ನು ಗುರುತಿಸಿದ್ದಾರೆ: ಮನಸ್ಸು ಬರಿದಾಗುವುದು, ಎದುರಿನವರ ಬಗೆಗೆ ಕಲ್ಲಾಗುವುದು, ತನ್ನಿಂದ ಏನೂ ಆಗದೆಂಬ ಭಾವನೆ. ಎರಡನೆಯದನ್ನೇ ಜನರು ತಪ್ಪಾಗಿ ತಿಳಿಯುವುದು. “ಅಕ್ಕನಿಗೆ ಈಚೆಗೆ ಸೊಕ್ಕು” ಎಂದು ಅತ್ತೆಯ ಊರಿನವರೇ ನನ್ನೆದುರು ಆಡಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಈ ಬಳಲಿಕೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೇ ಹೊರತು ರೋಗವಲ್ಲ. ಅದು ಖಿನ್ನತೆಗೆ ತಿರುಗಿದಾಗಲೇ ವೈದ್ಯರು ರೋಗದ ಹೆಸರು ಬರೆಯುವುದು.

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಮನೋರೋಗವೂ ಸೇರಿದೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೊಳಗಾದ ನೌಕರನನ್ನು ಸರ್ಕಾರಿ ಸಂಸ್ಥೆಯು ಕೆಲಸದಿಂದ ತೆಗೆಯಕೂಡದು, ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಆದರೆ ಪ್ರಮಾಣಪತ್ರಕ್ಕಾಗಿ ವೈದ್ಯರು ಅಳೆಯುವುದು ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕನ್ನು. ರೋಗ ಎಷ್ಟು ವರ್ಷದ್ದೆಂಬುದನ್ನೂ ಸೇರಿಸುತ್ತಾರೆ. ಹೆಚ್ಚಿನ ಸವಲತ್ತುಗಳಿಗೆ ಶೇಕಡ 40ನ್ನು ಮುಟ್ಟಬೇಕು. ಮುದ್ದೆ ತೊಳಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಆಮೇಲೆ ಕೋಣೆಯಲ್ಲಿ ಅಳುವ ಹೆಂಗಸು ಆ ಅಳತೆಗೆ ಸುಲಭವಾಗಿ ಸಿಕ್ಕುವಳೆಂದು ನನಗೆ ತೋರುವುದಿಲ್ಲ.

ಅದಕ್ಕಿಂತ ಮೊದಲಿನ ತೊಡಕು ಬೇರೆ: ಆಶಾ ‘ನೌಕರಳು’ ಹೌದೇ? ಸರ್ಕಾರದ ದೃಷ್ಟಿಯಲ್ಲಿ ಅವಳು ಗೌರವಧನ ಪಡೆಯುವ ಸ್ವಯಂಸೇವಕಿ. ಅಂಗನವಾಡಿಯವರ ಬಗ್ಗೆ ನಮ್ಮ ರಾಜ್ಯದಿಂದಲೇ ಹೋದ ಅಮೀರ್‌ಬಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಅವರದು ಸರ್ಕಾರಿ ಹುದ್ದೆಯಲ್ಲವೆಂದಿತು. 2022ರಲ್ಲಿ ಅದೇ ನ್ಯಾಯಾಲಯ ಅವರಿಗೆ ಗ್ರ್ಯಾಚುಯಿಟಿ ಸಲ್ಲಬೇಕೆಂದೂ ತೀರ್ಪಿತ್ತಿತು. 2025ರ ಜನವರಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಅಹೋರಾತ್ರಿ ಕುಳಿತಾಗ, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆಯಿತು. ಮನಸ್ಸು ಕೆಟ್ಟವಳಿಗೆ ಸಂಬಳದ ರಜೆ ಕೊಡುವ ಮಾತನ್ನು ಆಗ ಯಾರಾದರೂ ಎತ್ತಿದ್ದರೆ ಅದು ಪತ್ರಿಕೆಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

“ಕೈ ಮುರ್ಕೊಂಡಿದ್ರೆ ಕಟ್ಟು ತೋರಿಸ್ಬೋದಿತ್ತು ಕಣಪ್ಪ, ಇದ್ನ ಏನಂತ ತೋರಿಸ್ಲಿ?” ಎಂದರು ಅತ್ತೆ. ಮೇಲಿನವರೊಬ್ಬರಿಗೆ ಹೇಳಿಕೊಂಡಾಗ ಅವರು ನಕ್ಕು, “ದೇವಸ್ಥಾನಕ್ಕೆ ಹೋಗಿ ಬಾರಮ್ಮ” ಎಂದರಂತೆ. 2022ರಲ್ಲಿ ತೆರೆದ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಊರಿನ ಮನೆಮನೆಗೂ ಹೇಳಿಬಂದವರು ಅತ್ತೆಯೇ. ತಾವು ಅದಕ್ಕೆ ಫೋನು ಮಾಡಿದುದು ನಾನು ಪಕ್ಕದಲ್ಲಿ ಕುಳಿತು ಒತ್ತಾಯ ಮಾಡಿದ ಮೇಲೆ. ಅಲ್ಲಿಯವರ ಮಾತಿನಂತೆ ಮಂಡ್ಯದ ಆಸ್ಪತ್ರೆಗೆ ಇಬ್ಬರೂ ಹೋದೆವು. ವೈದ್ಯರು ಮಾತ್ರೆ ಬರೆದು, ಎರಡು ತಿಂಗಳು ವಿಶ್ರಾಂತಿ ಬೇಕೆಂದರು.

ಅತ್ತೆ ಹತ್ತೊಂಬತ್ತನೆಯ ದಿನ ಚೀಲ ಹೆಗಲಿಗೇರಿಸಿದರು. ಕೆಲಸದ ಲೆಕ್ಕದಲ್ಲಿ ಹಣ ಬರುವವರಿಗೆ ಕುಳಿತ ದಿನಕ್ಕೆ ಹಣವಿಲ್ಲವಷ್ಟೆ. ಮಾತ್ರೆಯ ಪೊಟ್ಟಣವನ್ನು ಲಸಿಕೆಯ ಪುಸ್ತಕದ ಕೆಳಗೆ, ಯಾರಿಗೂ ಕಾಣದಂತೆ, ಇಟ್ಟುಕೊಂಡಿದ್ದರು.