ಪದೇ ಪದೇ ಬೆಲ್ಟ್ ಹೋಗ್ತಿದೆಯಾ? ಹಳೇ ಬೆಲ್ಟ್ ಬಿಸಾಕಬೇಡಿ, ಅದನ್ನ ಓದಿ

ಒಂದೇ ತಿಂಗಳಲ್ಲಿ ಮೂರು ಸಲ ಬೆಲ್ಟ್ ಹೋಯ್ತು. ಮೂರು ಸಲವೂ ನಾನು ಬೈದಿದ್ದು ನನ್ನ ಚಿಕ್ಕಪ್ಪನ ಮಗನಿಗೆ. ತಪ್ಪು ಅವನದ್ದಲ್ಲ ಅಂತ ಗೊತ್ತಾಗೋ ಹೊತ್ತಿಗೆ ಅವನು ನಮ್ಮ ತೋಟಕ್ಕೆ ಬರೋದನ್ನೇ ಬಿಟ್ಟಿದ್ದ.

ನಮ್ಮದು ಹಾಸನ ತಾಲ್ಲೂಕು ಕೊರವಂಗಲ. ಬೂಚೇಶ್ವರ ದೇವಸ್ಥಾನದಿಂದಾಗಿ ನಮ್ಮೂರ ಹೆಸರು ಕೆಲವರಿಗೆ ಗೊತ್ತಿರಬಹುದು. ತೋಟಗಾರಿಕೆ ಓದಿ, ಕೆಲವು ವರ್ಷ ಬೇರೆ ಕಡೆ ಕೆಲಸ ಮಾಡಿ, ಈಗ ತೆಂಗಿನ ತೋಟದಲ್ಲಿ ಸಾವಯವ ಬೇಸಾಯ ಮಾಡ್ತಿದ್ದೀನಿ. ತೋಟದ ಒಳಗೆ ಉಳುಮೆ ಇಲ್ಲ. ತೆಂಗಿನ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಆಳವಾಗಿ ಉತ್ತರೆ ಅವನ್ನೇ ಕತ್ತರಿಸಿದಂತೆ. ಅದಕ್ಕೇ ಕಳೆ ಕತ್ತರಿಸಿ ನೆಲಕ್ಕೇ ಹೊದಿಸುವ ಪದ್ಧತಿ ನಮ್ಮದು. ಒಂದು ತೆಂಗಿನ ಮರ ವರ್ಷಕ್ಕೆ ಹನ್ನೆರಡು ಹದಿನಾಲ್ಕು ಗರಿ ಉದುರಿಸುತ್ತೆ. ಅದನ್ನೂ ಸುಡದೆ ಪುಡಿ ಮಾಡಿ ಬುಡಕ್ಕೆ ಹಾಕಬೇಕು. ಇದಕ್ಕೆಲ್ಲ ಮಿನಿ ಟ್ರ್ಯಾಕ್ಟರಿನ ಹಿಂದೆ ಮಲ್ಚರ್ ಕಟ್ಟಿದ್ದೀನಿ.

ಮಲ್ಚರ್ ಅಂದರೆ ಹುಲ್ಲು ಕತ್ತರಿಸುವ ಮೋವರಿನ ಅಣ್ಣ. ಟ್ರ್ಯಾಕ್ಟರಿನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಗೇರ್‌ಬಾಕ್ಸ್ ಅದನ್ನು ಹೆಚ್ಚಿಸಿ ಪಕ್ಕದ ದೊಡ್ಡ ಪುಲ್ಲಿಗೆ ಕೊಡುತ್ತೆ. ಅಲ್ಲಿಂದ ಮೂರು ವಿ-ಬೆಲ್ಟ್ ಕೆಳಗಿನ ಚಿಕ್ಕ ಪುಲ್ಲಿಯನ್ನು, ಅದರ ಜೊತೆ ಬ್ಲೇಡುಗಳಿರುವ ರೋಟರನ್ನು ತಿರುಗಿಸುತ್ತವೆ. ಇಡೀ ಯಂತ್ರದ ಶಕ್ತಿ ದಾಟೋದು ಆ ಮೂರು ಬೆಲ್ಟಿನ ಮೇಲೆ.

ಮೂರು ಸಲ ಆಗಿದ್ದೇನು?

ಮಳೆಗಾಲ ಮುಗಿದಿತ್ತು. ಕಾಂಗ್ರೆಸ್ ಗಿಡ ಹೂ ಬಿಡುವ ಮೊದಲೇ ಕತ್ತರಿಸಬೇಕು, ಬೀಜ ಬಿದ್ದರೆ ಮುಂದಿನ ವರ್ಷಕ್ಕೆ ನಾವೇ ಬಿತ್ತಿದ ಹಾಗೆ. ಅಂಥ ಹೊತ್ತಲ್ಲಿ ಮೊದಲ ಬೆಲ್ಟ್ ತುಂಡಾಯ್ತು. ಮೂರರಲ್ಲಿ ಒಂದು ಹೋಗಿತ್ತು, ಒಂದನ್ನೇ ತಂದು ಹಾಕಿದೆ. ಎರಡೇ ದಿನಕ್ಕೆ ಆ ಹೊಸದೇ ಕಿತ್ತುಬಂತು.

ಎರಡನೇ ಸಲ ಮೂರನ್ನೂ ಹೊಸದು ತಂದೆ. ಬೆಲ್ಟ್ ಬಿಗಿ ಇತ್ತು, ಕಬ್ಬಿಣದ ರಾಡ್ ಕೊಟ್ಟು ಮೀಟಿ ಪುಲ್ಲಿ ಮೇಲೆ ಎತ್ತಿ ಕೂರಿಸಿದೆ. ಮೂರು ಗಂಟೆ ಓಡಿರಬೇಕು, ಎರಡು ಬೆಲ್ಟ್ ಮಗುಚಿ ಬಿದ್ದಿದ್ದವು. ಹೊಟ್ಟೆ ಮೇಲೆ, ಬೆನ್ನು ಕೆಳಗೆ. "ಏನೋ ಇದು, ರೇಸ್ ಓಡಿಸ್ತೀಯಾ?" ಅಂತ ತಮ್ಮನಿಗೆ ಕೂಗಾಡಿದೆ. "ಇಲ್ಲ ಅಣ್ಣ, ಮೊದಲಿಂದ್ಲೂ ಸೀಟು ಅದುರ್ತಿದೆ, ಹೇಳ್ತಾನೇ ಇದೀನಲ್ಲ" ಅಂದ. ನಾನು ಕೇಳಿಸಿಕೊಳ್ಳಲಿಲ್ಲ.

ಮೂರನೇ ಸೆಟ್ ಒಂದು ವಾರ ಬಂತು. ಆಮೇಲೆ ರಬ್ಬರ್ ಸುಟ್ಟ ವಾಸನೆ, ಹೊಗೆ. ಅವತ್ತು ನಾನು ಆಡಿದ ಮಾತಿಗೆ ಅವನು ಕೀ ಕೈಗೆ ಕೊಟ್ಟು ಹೋದವನು ಮತ್ತೆ ಬರಲಿಲ್ಲ.

"ಹಳೇ ಬೆಲ್ಟ್ ಎಲ್ಲಿಕ್ಕಿದೀಯ?"

ಹಾಸನದಲ್ಲಿ ನಮಗೆ ಗೊತ್ತಿರುವ ಒಬ್ಬ ಹಿರಿಯ ಲೇತ್ ಮೆಕ್ಯಾನಿಕ್ ಇದ್ದಾರೆ. ಅವರ ಹತ್ತಿರ ಹೋಗಿ "ಯಾವ ಕಂಪನಿ ಬೆಲ್ಟ್ ಗಟ್ಟಿ, ಹೇಳಿ" ಅಂದೆ. ಅವರು ಅದಕ್ಕೆ ಉತ್ತರ ಕೊಡದೆ, "ಹಳೇ ಬೆಲ್ಟ್ ಎಲ್ಲಿಕ್ಕಿದೀಯ? ತಗಂಬಾ ಮೊದ್ಲು" ಅಂದರು.

ಕೆಲವು ಟೂಲ್ ಬಾಕ್ಸಲ್ಲಿದ್ದವು. ಒಂದರಲ್ಲಿ ಅಮ್ಮ ಕೊಟ್ಟಿಗೆ ಗೇಟು ಕಟ್ಟಿದ್ದರು, ಅದನ್ನೂ ಬಿಚ್ಚಿಕೊಂಡು ಹೋದೆ. ಅವರು ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹಾಕಿ, ಬೆರಳಲ್ಲಿ ಸವರಿ ನೋಡಿದರು. "ಬೆಲ್ಟ್ ತಾನಾಗೇ ಸಾಯಲ್ಲ ಕಣಪ್ಪ. ಏನೋ ಒಂದು ಸಾಯಿಸ್ತದೆ. ಹೆಂಗೆ ಸತ್ತಿದೆ ಅಂತ ಬೆಲ್ಟಲ್ಲೇ ಬರ್ದಿರ್ತದೆ."

ಅವತ್ತು ಕಲಿತಿದ್ದು, ಆಮೇಲೆ ನಾನೇ ಪರೀಕ್ಷಿಸಿ ನೋಡಿದ್ದು ಇಷ್ಟು:

ಎರಡೂ ಪಕ್ಕ ಕನ್ನಡಿ ಥರ ಹೊಳೆಯುತ್ತಿದ್ದರೆ: ಬೆಲ್ಟ್ ಜಾರಿದೆ. ಸಡಿಲ ಇದ್ದಿರಬೇಕು, ಅಥವಾ ಎಣ್ಣೆ, ಗ್ರೀಸ್ ತಾಗಿರಬೇಕು. ಜಾರಿದರೆ ಬಿಸಿ, ಬಿಸಿಯಾದರೆ ರಬ್ಬರ್ ಗಟ್ಟಿಯಾಗಿ ಇನ್ನಷ್ಟು ಜಾರುತ್ತೆ. ಬೆಲ್ಟ್ 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತೆ ಅನ್ನೋದು ತಯಾರಕರು ಹೇಳುವ ಲೆಕ್ಕ.

ಒಂದೇ ಪಕ್ಕ ಸವೆದಿದ್ದರೆ: ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲ.

ಮಗುಚಿ ಬಿದ್ದಿದ್ದರೆ: ಪುಲ್ಲಿ ಓರೆಯಾಗಿದೆ, ಬೆಲ್ಟ್ ಸಡಿಲವಾಗಿ ಹೊಯ್ದಾಡಿದೆ, ಇಲ್ಲವೇ ಮೀಟಿ ಹಾಕುವಾಗ ಒಳಗಿನ ದಾರ ಹರಿದಿದೆ. ಹೊರಗೆ ಏನೂ ಕಾಣಲ್ಲ. ಒಳಗಿನ ದಾರವೇ ಬೆಲ್ಟಿನ ಬೆನ್ನೆಲುಬು, ಅದು ಒಂದು ಅಂಚಿನಲ್ಲಿ ಹರಿದರೆ ಬೆಲ್ಟ್ ತಿರುಚಿಕೊಳ್ಳುತ್ತೆ.

ಒಳಮೈಯಲ್ಲಿ ಅಡ್ಡಡ್ಡ ಬಿರುಕು: ವಯಸ್ಸಾಗಿದೆ, ಅಥವಾ ಬಿಸಿಯಲ್ಲಿ ಬೆಂದಿದೆ.

ಒಂದೇ ಜಾಗದಲ್ಲಿ ಸುಟ್ಟ ಗುರುತು: ರೋಟರ್ ಸಿಕ್ಕಿಕೊಂಡು ನಿಂತಿದೆ, ಮೇಲಿನ ಪುಲ್ಲಿ ಮಾತ್ರ ಉಜ್ಜುತ್ತಾ ತಿರುಗಿದೆ.

ನನ್ನ ಬೆಲ್ಟುಗಳಲ್ಲಿ ಏನಿತ್ತು? ಮೊದಲ ಸಲದ ಹಳೇ ಎರಡು ಕನ್ನಡಿ ಥರ ಹೊಳೀತಿದ್ದವು. ಬಳಸಿದ ಬೆಲ್ಟ್ ಹಿಗ್ಗಿರುತ್ತೆ, ಹೊಸದು ಹಿಗ್ಗಿರಲ್ಲ. ಒಂದನ್ನೇ ಹೊಸದು ಹಾಕಿದ್ದರಿಂದ ಪೂರ್ತಿ ಭಾರ ಅದೊಂದರ ಮೇಲೆ ಬಿತ್ತು, ಹಳೆಯವು ಸುಮ್ಮನೆ ಜಾರಿದವು. ಎರಡನೇ ಸಲ ರಾಡಿನಲ್ಲಿ ಮೀಟಿದ್ದು ನಾನೇ. ಆದರೆ ಮೆಕ್ಯಾನಿಕ್ ಬೆರಳಿಟ್ಟು ತೋರಿಸಿದ್ದು ಬೇರೆ: ಮೂರು ಸಲದ ಬೆಲ್ಟುಗಳೂ ಒಂದೇ ಪಕ್ಕ ಸವೆದಿದ್ದವು. "ನೀನು ಮಾಡಿದ್ದು ತಪ್ಪೇ. ಆದ್ರೆ ರೋಗ ಅದಲ್ಲ. ರೋಗ ಇಲ್ಲೈತೆ."

ದಾರ ಹಿಡಿದು ನೋಡಿದೆ

ಪರೀಕ್ಷೆಗೆ ಬೇಕಿದ್ದು ಒಂದು ಗಟ್ಟಿ ದಾರ ಅಷ್ಟೇ. ಎಂಜಿನ್ ಆಫ್, ಕೀ ಜೇಬಲ್ಲಿ, ಪಿಟಿಒ ಶಾಫ್ಟ್ ಕಳಚಿ, ಮಲ್ಚರ್ ನೆಲಕ್ಕೆ ಇಳಿಸಿದ ಮೇಲೆ ಗಾರ್ಡ್ ಬಿಚ್ಚಿದೆ. ಮೇಲಿನ ಪುಲ್ಲಿಯ ಮುಖದಿಂದ ಕೆಳಗಿನ ಪುಲ್ಲಿಯ ಮುಖಕ್ಕೆ ದಾರ ಎಳೆದು ಹಿಡಿದರೆ ಅದು ನಾಲ್ಕು ಕಡೆ ತಾಗಬೇಕು: ಮೇಲಿನದರ ಎರಡು ಅಂಚು, ಕೆಳಗಿನದರ ಎರಡು ಅಂಚು. ನನ್ನದರಲ್ಲಿ ಮೂರೇ ಕಡೆ ತಾಗಿತು. ಕೆಳಗಿನ ಪುಲ್ಲಿಯ ಒಂದು ಅಂಚಿನಲ್ಲಿ ಮೂರು ಮಿಲಿಮೀಟರ್ ಸಂದು.

ಮೂರು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ವಿ-ಬೆಲ್ಟ್ ತಡೆಯೋದು ಹೆಚ್ಚೆಂದರೆ ಅರ್ಧ ಡಿಗ್ರಿ ಓರೆ. ನಮ್ಮ 15 ಸೆಂಟಿಮೀಟರ್ ಪುಲ್ಲಿಗೆ ಅದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಪುಲ್ಲಿ ಯಾಕೆ ಓರೆಯಾಯ್ತು? ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಲಟಕ್ ಲಟಕ್ ಅಂತು. ರೋಟರ್ ತುದಿಯ ಬೇರಿಂಗ್ ಹೋಗಿತ್ತು. ಬೆಲ್ಟ್ ಬಿಗಿ ಮಾಡಿದಷ್ಟೂ ಶಾಫ್ಟ್ ಮೇಲಕ್ಕೆ ಎಳೆದುಕೊಂಡು ಓರೆಯಾಗುತ್ತಿತ್ತು. ನಾನು ಪ್ರತಿ ಸಲ "ಸಡಿಲ ಇದೆ" ಅಂತ ಇನ್ನೂ ಬಿಗಿ ಮಾಡಿ, ರೋಗ ಹೆಚ್ಚಿಸ್ತಾ ಇದ್ದೆ.

ಬೇರಿಂಗ್ ಯಾಕೆ ಹೋಯ್ತು? ಬಿಚ್ಚಿದಾಗ ಎರಡು ಕಾರಣ ಸಿಕ್ಕವು. ತೆಂಗಿನ ನಾರು ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡು ಬೇರಿಂಗಿನ ಸೀಲನ್ನು ತಿಂದಿತ್ತು. ಇನ್ನೊಂದು ಬ್ಲೇಡು. ಮಳೆಗಾಲದಲ್ಲಿ ಕಲ್ಲಿಗೆ ಹೊಡೆದು ಒಂದು ಬ್ಲೇಡ್ ಮುರಿದಿತ್ತು, ಅಲ್ಲಿಗೆ ಹೊಸದೊಂದು ಹಾಕಿದ್ದೆ. ಅದರ ಎದುರಿನದು ಅರ್ಧ ಸವೆದ ಹಳೇ ಬ್ಲೇಡು. ಒಂದು ಕಡೆ ಭಾರ, ಒಂದು ಕಡೆ ಹಗುರ. ಅಷ್ಟು ವೇಗದಲ್ಲಿ ತಿರುಗುವ ರೋಟರಿಗೆ ಆ ಸಣ್ಣ ವ್ಯತ್ಯಾಸವೇ ಸುತ್ತಿಗೆ ಏಟು. ಸೀಟು ಅದುರಿದ್ದು ಅದಕ್ಕೇ. ತಮ್ಮ ಹೇಳಿದ್ದು ಅದನ್ನೇ.

ಸರಿ ಮಾಡಿದ ಕ್ರಮ

1. ಎರಡೂ ತುದಿಯ ಬೇರಿಂಗ್ ಬದಲಿಸಿದೆ. ಬೇರಿಂಗ್ ಮೇಲೆ ನಂಬರ್ ಇರುತ್ತೆ, ಫೋಟೋ ತೆಗೆದು ಅಂಗಡಿಗೆ ಒಯ್ಯಿರಿ. ಕೊನೆಯಲ್ಲಿ 2ಆರ್‌ಎಸ್ ಅಂತ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್ ಇದೆ ಅಂತ ಅರ್ಥ. ಸೀಲ್ ಇರುವ ಜಾಗಕ್ಕೆ ಸೀಲ್ ಇಲ್ಲದ್ದನ್ನು ಹಾಕಬೇಡಿ.

2. ಬ್ಲೇಡುಗಳನ್ನು ಎದುರು ಬದುರು ಜೋಡಿಯಾಗಿ, ತೂಕ ನೋಡಿ ಬದಲಿಸಿದೆ. ಅಡುಗೆಮನೆ ತಕ್ಕಡಿ ಸಾಕು.

3. ಪುಲ್ಲಿಯ ಗಾಡಿ ನೋಡಿದೆ. ವಿ-ಬೆಲ್ಟ್ ಗಾಡಿಯ ಪಕ್ಕಗಳನ್ನು ಹಿಡಿದು ಎಳೆಯಬೇಕು, ತಳಕ್ಕೆ ತಾಗಬಾರದು. ತಳ ಹೊಳೆಯುತ್ತಿದ್ದರೆ ಅಥವಾ ಹೊಸ ಬೆಲ್ಟ್ ಅಂಚಿಗಿಂತ ಒಳಗೆ ಇಳಿದಿದ್ದರೆ ಪುಲ್ಲಿಯೇ ಸವೆದಿದೆ. ಎಷ್ಟು ಬೆಲ್ಟ್ ಹಾಕಿದರೂ ದಂಡ.

4. ಮೂರೂ ಬೆಲ್ಟ್ ಒಟ್ಟಿಗೆ, ಒಂದೇ ಕಂಪನಿಯದ್ದು ಹಾಕಿದೆ. ಬಿ 60 ಅಂತ ಇದ್ದರೆ ಬಿ ಅನ್ನೋದು ದಪ್ಪದ ಗುರುತು, ಮೇಲಿನ ಅಗಲ 17 ಮಿ.ಮೀ. 60 ಅನ್ನೋದು ಒಳಸುತ್ತಿನ ಉದ್ದ, ಇಂಚಿನಲ್ಲಿ. ಬೆಲ್ಟ್ ಹರಿದು ಅಕ್ಷರ ಅಳಿಸಿಹೋಗುವ ಮೊದಲೇ ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

5. ಬಿಗಿ ಮಾಡುವ ಬೋಲ್ಟ್ ಪೂರ್ತಿ ಸಡಿಲಿಸಿ, ಕೈಯಲ್ಲೇ ಕೂರಿಸಿದೆ. ರಾಡ್ ಬೇಡ, ಸ್ಕ್ರೂಡ್ರೈವರೂ ಬೇಡ.

6. ಬಿಗಿಯ ಲೆಕ್ಕ: ಎರಡು ಪುಲ್ಲಿ ನಡುವಿನ ಬೆಲ್ಟಿನ ಉದ್ದ 40 ಸೆಂ.ಮೀ. ಇದ್ದರೆ, ಮಧ್ಯದಲ್ಲಿ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದಾಗ ಸುಮಾರು 6 ಮಿ.ಮೀ. ಬಗ್ಗಬೇಕು. 100 ಮಿ.ಮೀ.ಗೆ 1.6 ಮಿ.ಮೀ. ಲೆಕ್ಕ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ನೋಡಿ. ಹೊಸ ಬೆಲ್ಟ್ ಕೂತುಕೊಂಡು ಸಡಿಲ ಆಗೇ ಆಗುತ್ತೆ. ಹೆಚ್ಚಿನವರು ಬಿಡೋದು ಈ ಎರಡನೇ ನೋಟವನ್ನೇ.

7. ಪ್ರತಿದಿನ ಕೆಲಸ ಮುಗಿದ ಮೇಲೆ ಶಾಫ್ಟಿಗೆ ಸುತ್ತಿದ ನಾರನ್ನು ಕುಡುಗೋಲಿನಲ್ಲಿ ಕತ್ತರಿಸಿ ತೆಗೀತೀವಿ. ಐದು ನಿಮಿಷದ ಕೆಲಸ.

ಬೇರೆ ಯಂತ್ರ ಇರುವವರಿಗೆ

ಪವರ್ ಟಿಲ್ಲರ್, ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ, ಎಲ್ಲಕ್ಕೂ ಇದೇ ನಿಯಮ. ಕೂತು ಓಡಿಸುವ ಲಾನ್ ಮೋವರ್ ಇಟ್ಟುಕೊಂಡು ಹೋಂಸ್ಟೇ, ಎಸ್ಟೇಟ್ ನೋಡಿಕೊಳ್ಳುವ ಗೆಳೆಯರಿಗೆ ಎರಡು ಮಾತು ಹೆಚ್ಚು. ಅದರ ಡೆಕ್ಕಿನಲ್ಲಿ ಒಂದೇ ಉದ್ದನೆಯ ಬೆಲ್ಟ್ ಹಲವು ಪುಲ್ಲಿ ಸುತ್ತಿ ಬರುತ್ತೆ. ಬೆಲ್ಟ್ ತೆಗೆದು ಒಂದೊಂದೇ ಪುಲ್ಲಿಯನ್ನು, ಬ್ಲೇಡಿನ ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿ. ಗರಗರ ಅಂದರೆ, ಅಲ್ಲಾಡಿದರೆ, ಕಳ್ಳ ಅಲ್ಲೇ ಇದ್ದಾನೆ. ಬಿಚ್ಚುವ ಮೊದಲು ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆಯಿರಿ. ಅಳತೆ ಹೊಂದುತ್ತೆ ಅಂತ ಮಾಮೂಲಿ ಬೆಲ್ಟ್ ಹಾಕಬೇಡಿ. ಹಿಂದೆ ಮುಂದೆ ಬಾಗಿ, ಜಾರಿ ಹಿಡಿಯುವ ಕೆಲಸಕ್ಕೆ ಅದರ ದಾರ, ಮೇಲ್ಬಟ್ಟೆ ಬೇರೆ ಥರ ಇರುತ್ತೆ.

ಇನ್ನೊಂದು ಮಾತು, ಇದನ್ನು ಮರೀಬೇಡಿ. ಪದೇ ಪದೇ ಬಿಚ್ಚೋದು ಬೇಜಾರು ಅಂತ ಮೂರನೇ ಸೆಟ್ ಹಾಕಿದಾಗ ನಾನು ಗಾರ್ಡ್ ಕಟ್ಟದೇ ಓಡಿಸಲು ಬಿಟ್ಟಿದ್ದೆ. ಆ ಬೆಲ್ಟ್ ಸುಟ್ಟ ಬದಲು ಹರಿದು ಹಾರಿದ್ದರೆ? ಸೀಟಿನಲ್ಲಿ ಕೂತಿದ್ದು ನಾನಲ್ಲ, ಇಪ್ಪತ್ತೆರಡು ವರ್ಷದ ಹುಡುಗ. ರಾತ್ರಿ ನಿದ್ದೆಗೆಡಿಸಿದ್ದು ಬೆಲ್ಟಿನ ದುಡ್ಡಲ್ಲ, ಈ ಯೋಚನೆ. ಗಾರ್ಡ್ ಇಲ್ಲದೆ ಒಂದು ನಿಮಿಷವೂ ಓಡಿಸಬೇಡಿ, ಯಾರಿಗೂ ಓಡಿಸಲು ಕೊಡಬೇಡಿ.

ಎಲ್ಲ ಸರಿಯಾದ ಮೇಲೆ ಚಿಕ್ಕಪ್ಪನ ಮನೆಗೆ ಹೋದೆ. ಸವೆದ ಬೇರಿಂಗನ್ನು ತಮ್ಮನ ಕೈಗೆ ಕೊಟ್ಟು, "ನೀನು ಹೇಳಿದ್ದೇ ಸರಿ ಕಣೋ, ಅದುರ್ತಿದ್ದಿದ್ದು ಇದು. ತಪ್ಪು ನಂದು" ಅಂದೆ. ಅವನು ತಿರುಗಿಸಿ ನೋಡಿ, ಅಲ್ಲಾಡಿಸಿ, "ಅವತ್ತೇ ಕೇಳಿದ್ರೆ ಎರಡು ಸೆಟ್ ಉಳೀತಿತ್ತಲ್ಲಣ್ಣ" ಅಂದ. ಮಾರನೇ ದಿನ ಬೆಳಿಗ್ಗೆ ಬಂದ. ಕಾಂಗ್ರೆಸ್ ಗಿಡ ಅಷ್ಟೊತ್ತಿಗೆ ಹೂ ಬಿಟ್ಟಾಗಿತ್ತು. ಮುಂದಿನ ವರ್ಷ ಆ ಕಳೆ ನಮ್ಮ ಪಾಲಿಗಿದೆ.

ಯಂತ್ರದ ಮೇಲೆ ಕೂತವನಿಗೆ ಗೊತ್ತಾಗುವ ಅದುರು, ವಾಸನೆ, ಸದ್ದು ಪಕ್ಕದಲ್ಲಿ ನಿಂತವನಿಗೆ ಗೊತ್ತಾಗಲ್ಲ. ನಿಮ್ಮ ಡ್ರೈವರ್ ಏನಾದರೂ ಹೇಳಿದರೆ, ಮೊದಲು ಎಂಜಿನ್ ಆಫ್ ಮಾಡಿ ಕೇಳಿ.